ಬರೆದ ಪುಟ ಗೂಗಲ್‌ನಲ್ಲಿ ಬರುತ್ತಿಲ್ಲವಾ? ಎಲ್ಲಿ ಸಿಕ್ಕಿಕೊಂಡಿದೆ ಅಂತ ಮೊದಲು ಹುಡುಕಿ

ಮಾರ್ಚ್ ತಿಂಗಳ ಕೊನೆ. ಕೊಡಗಿನ ನಾಪೋಕ್ಲು ಕಡೆಯಿಂದ ತಮ್ಮನ ಫೋನ್ ಬಂತು. ಚಿಕ್ಕಪ್ಪನ ಮಗ. ಕಾಫಿ ತೋಟದ ನಡುವೆ ನಾಲ್ಕು ಕೋಣೆಯ ಹೋಂಸ್ಟೇ ನಡೆಸುತ್ತಾನೆ. ಅದಕ್ಕೊಂದು ಚಿಕ್ಕ ವೆಬ್‌ಸೈಟ್ ಇದೆ.

“ಅಣ್ಣಾ, ಕಾಫಿ ಹೂವಿನ ಬಗ್ಗೆ ಬರೆದು ಮೂರು ವಾರ ಆಯ್ತು. ಗೂಗಲ್‌ನಲ್ಲಿ ಬರ್ತಾನೇ ಇಲ್ಲ.”

ಅವನ ಅವಸರಕ್ಕೆ ಕಾರಣ ಇತ್ತು. ಹೂಮಳೆ, ಅಂದರೆ ಕಾಫಿ ಮೊಗ್ಗನ್ನು ಅರಳಿಸುವ ಮಳೆ, ಬಿದ್ದ ಎಂಟು ಹತ್ತು ದಿನಕ್ಕೆ ತೋಟ ಪೂರ್ತಿ ಬೆಳ್ಳಗಾಗುತ್ತದೆ. ಆ ಬಿಳುಪು, ಆ ವಾಸನೆ ನಿಲ್ಲುವುದು ಮೂರು ನಾಲ್ಕು ದಿನ. ಅದನ್ನು ನೋಡಲು ಬರುವವರು ಅಷ್ಟರೊಳಗೇ ಹುಡುಕಬೇಕು, ಅಷ್ಟರೊಳಗೇ ಬರಬೇಕು. ಹೂ ಉದುರಿದ ಮೇಲೆ ಪುಟ ಮೇಲೆ ಬಂದು ಏನು ಪ್ರಯೋಜನ?

ಮೂರು ವಾರದಲ್ಲಿ ಅವನು ಸುಮ್ನೆ ಕೂತಿರಲಿಲ್ಲ. ಶೀರ್ಷಿಕೆಯನ್ನು ನಾಲ್ಕು ಸಲ ಬದಲಿಸಿದ್ದ. ಪುಟದ ಕೆಳಗೆ ಕೂರ್ಗ್, ಹೋಂಸ್ಟೇ, ಕಾಫಿ, ಮಡಿಕೇರಿ ಅಂತ ಮೂವತ್ತು ಪದ ತುಂಬಿದ್ದ. ಸೈಟ್‌ಮ್ಯಾಪ್ (ಸೈಟಿನ ವಿಳಾಸಗಳ ಪಟ್ಟಿ) ಮಾಡುವ ಪ್ಲಗಿನ್ ಕಿತ್ತು ಹಾಕಿ ಬೇರೆಯದನ್ನು ಹಾಕಿದ್ದ. ಎಲ್ಲ ವಾಟ್ಸಾಪ್ ಗುಂಪುಗಳಿಗೂ ಲಿಂಕ್ ಕಳಿಸಿದ್ದ. ಯಾವ ಜ್ವರ ಅಂತ ನೋಡದೆ ಮನೆಯಲ್ಲಿದ್ದ ಮಾತ್ರೆಯನ್ನೆಲ್ಲ ನುಂಗಿದ ಹಾಗೆ.

ಇಂಥ ಫೋನ್ ನನಗೆ ಮೊದಲನೆಯದಲ್ಲ. ಕಾರಣ ಪ್ರತಿ ಸಲ ಬೇರೆ ಇರುತ್ತದೆ. ಹುಡುಕುವ ದಾರಿ ಮಾತ್ರ ಒಂದೇ. ಅದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ.

ಒಳಗೆ ಬಂದೇ ಇಲ್ಲವೋ, ಬಂದು ಹಿಂದೆ ಕೂತಿದೆಯೋ?

ಗೂಗಲ್ ಇರಲಿ, ಬಿಂಗ್ ಇರಲಿ, ಕೆಲಸ ಮೂರು ಹಂತದಲ್ಲಿ ನಡೆಯುತ್ತದೆ. ಮೊದಲು ಅವರ ಬಾಟ್, ಅಂದರೆ ತಾನಾಗಿ ಓಡಾಡುವ ಪ್ರೋಗ್ರಾಂ, ನಿಮ್ಮ ಪುಟಕ್ಕೆ ಬಂದು ಓದುತ್ತದೆ. ಇದು ಕ್ರಾಲ್. ಓದಿದ್ದು ಇಟ್ಟುಕೊಳ್ಳಲು ಯೋಗ್ಯ ಅನ್ನಿಸಿದರೆ ಉಗ್ರಾಣಕ್ಕೆ ಹಾಕಿಕೊಳ್ಳುತ್ತದೆ. ಇದು ಇಂಡೆಕ್ಸ್. ಯಾರೋ ಹುಡುಕಿದಾಗ ಉಗ್ರಾಣದಲ್ಲಿ ಇರುವುದರಲ್ಲಿ ಯಾವುದನ್ನು ಮೇಲೆ ತೋರಿಸಬೇಕು ಅಂತ ಲೆಕ್ಕ ಹಾಕುತ್ತದೆ. ಇದು ರ್‍ಯಾಂಕ್.

ಶೀರ್ಷಿಕೆ ತಿದ್ದುವುದು, ಪದ ಸೇರಿಸುವುದು ಎಲ್ಲ ಮೂರನೇ ಹಂತದ ಔಷಧಿ. ತಮ್ಮನ ಪುಟ ಮೊದಲನೇ ಹಂತವನ್ನೇ ದಾಟಿರಲಿಲ್ಲ. ಹೀಗೆ ಹಂತ ತಪ್ಪಿ ರಿಪೇರಿ ಮಾಡುವವರೇ ಜಾಸ್ತಿ.

ಬೇಗ ನೋಡಲು ಒಂದು ಉಪಾಯ ಇದೆ. ಗೂಗಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ‘ಸೈಟ್’ ಎಂದು ಹೊಡೆದು, ಕೋಲನ್ ಹಾಕಿ, ಜಾಗ ಬಿಡದೆ ಪುಟದ ವಿಳಾಸ ಅಂಟಿಸಿ ಹುಡುಕಿ. ಬಂದರೆ ಪುಟ ಉಗ್ರಾಣದಲ್ಲಿದೆ. ಬರದಿದ್ದರೆ ಇಲ್ಲ ಅಂತ ತೀರ್ಮಾನಿಸಬೇಡಿ. ಈ ಹುಡುಕಾಟ ಇರುವ ಎಲ್ಲ ಪುಟಗಳನ್ನೂ ತೋರಿಸುವುದಿಲ್ಲ. ಇದು ಅಂದಾಜಿಗೆ ಮಾತ್ರ.

ಸರಿಯಾದ ಉತ್ತರ ಸಿಗುವುದು ಸರ್ಚ್ ಕನ್ಸೋಲ್‌ನಲ್ಲಿ. ಗೂಗಲ್ ಪುಕ್ಕಟೆಯಾಗಿ ಕೊಡುವ ಸಾಧನ. ಸೈಟ್ ನಿಮ್ಮದೇ ಎಂದು ಒಮ್ಮೆ ತೋರಿಸಿಕೊಡಬೇಕು. ಡೊಮೇನ್ ಸೆಟ್ಟಿಂಗ್‌ನಲ್ಲಿ ಒಂದು ಸಾಲು ಸೇರಿಸಿದರೆ ಆಯಿತು, ಅಥವಾ ಅವರು ಕೊಡುವ ಚಿಕ್ಕ ಫೈಲನ್ನು ಸೈಟಿಗೆ ಹಾಕಿದರೂ ಆಯಿತು. ಆಮೇಲೆ ಮೇಲಿನ ಪಟ್ಟಿಯಲ್ಲಿ ಪುಟದ ವಿಳಾಸ ಹಾಕಿ ಎಂಟರ್ ಒತ್ತಿ. ಇದಕ್ಕೆ ಯುಆರ್‌ಎಲ್ ಇನ್‌ಸ್ಪೆಕ್ಷನ್ ಅನ್ನುತ್ತಾರೆ. ಪುಟ ಯಾವ ಹಂತದಲ್ಲಿದೆ ಅಂತ ಅಲ್ಲೇ ಬರೆದಿರುತ್ತದೆ.

ಅಲ್ಲಿ ಎರಡು ನೋಟ ಇವೆ. ಒಂದು, ಗೂಗಲ್ ಹಿಂದೆ ಬಂದಾಗ ಕಂಡದ್ದು. ಇನ್ನೊಂದು ಲೈವ್ ಟೆಸ್ಟ್, ಅಂದರೆ ಈಗ ಬಂದರೆ ಏನು ಸಿಗುತ್ತದೆ ಅನ್ನುವುದು. ಎರಡನ್ನೂ ನೋಡಿ, ಎರಡನ್ನೂ ಬೆರೆಸಬೇಡಿ. ಲೈವ್ ಟೆಸ್ಟ್ ಹಸಿರು ಬಂದರೆ ಬಾಗಿಲು ತೆರೆದಿದೆ ಅಂತ ಮಾತ್ರ ಅರ್ಥ. ಒಳಗೆ ಇಟ್ಟುಕೊಳ್ಳುತ್ತೇವೆ ಅಂತ ಮಾತು ಕೊಟ್ಟ ಹಾಗಲ್ಲ.

ನಮ್ಮ ಮೊಬೈಲ್‌ನಲ್ಲಿ ತೆರೆಯುತ್ತದೆ, ಬಾಟ್‌ಗೆ ತೆರೆಯುವುದಿಲ್ಲ

ತಮ್ಮನ ಪುಟದ ವಿಳಾಸ ಹಾಕಿದೆ. ‘ಯುಆರ್‌ಎಲ್ ಈಸ್ ಅನ್‌ನೋನ್ ಟು ಗೂಗಲ್’ ಅಂತ ಬಂತು. ಇಂಥ ಪುಟ ಇದೆ ಅನ್ನುವುದೇ ಗೂಗಲ್‌ಗೆ ಗೊತ್ತಿಲ್ಲ. ಸೈಟ್‌ಮ್ಯಾಪ್ ಕಡೆ ನೋಡಿದರೆ ‘ಕುಡಂಟ್ ಫೆಚ್’, ಅಂದರೆ ತರಲು ಆಗಲಿಲ್ಲ. ಅವನು ಪ್ಲಗಿನ್ ಬದಲಿಸಿದ್ದು ಇದೇ ಸಾಲು ನೋಡಿ. ಪ್ಲಗಿನ್‌ನಲ್ಲಿ ಏನೂ ತಪ್ಪಿರಲಿಲ್ಲ.

ನಾನು ಕೇಳಿದ್ದು ಒಂದೇ ಪ್ರಶ್ನೆ. “ಹಳೇ ಪುಟಗಳು ಬರ್ತವಾ?”

“ಬರ್ತವೆ. ಹೋದ ವರ್ಷದ್ದು ಎಲ್ಲಾ ಬರ್ತವೆ.”

ಈ ಪ್ರಶ್ನೆಯನ್ನು ನೀವೂ ಮೊದಲೇ ಕೇಳಿಕೊಳ್ಳಿ. ಹಳೆಯದೂ ಇಲ್ಲ, ಹೊಸದೂ ಇಲ್ಲ ಅಂದರೆ ದೋಷ ಇಡೀ ಸೈಟಿನದು. ಒಂದು ಪುಟ ಮಾತ್ರ ಇಲ್ಲ ಅಂದರೆ ಆ ಪುಟದ್ದು. ಒಂದು ದಿನಾಂಕದ ಆಚೆಗೆ ಬರೆದದ್ದು ಯಾವುದೂ ಇಲ್ಲ ಅಂದರೆ ಆ ದಿನದ ಹೊತ್ತಿಗೆ ಯಾರೋ ಏನೋ ಮುಟ್ಟಿದ್ದಾರೆ. ಇಲ್ಲಿ ಇದ್ದದ್ದು ಮೂರನೆಯದು.

ಲೈವ್ ಟೆಸ್ಟ್ ಒತ್ತಿದೆ. 403. ಅಂದರೆ ನಿನಗೆ ಪ್ರವೇಶ ಇಲ್ಲ. ಅವನ ಫೋನ್‌ನಲ್ಲಿ ಪುಟ ಚೆನ್ನಾಗೇ ತೆರೆಯುತ್ತಿತ್ತು, ನನ್ನ ಫೋನ್‌ನಲ್ಲೂ ತೆರೆಯುತ್ತಿತ್ತು. ಸ್ವಲ್ಪ ಕೆದಕಿದ ಮೇಲೆ ವಿಷಯ ಹೊರಗೆ ಬಂತು. ಜನವರಿಯಲ್ಲಿ ಯಾರೋ ಸೈಟಿನ ಪಾಸ್‌ವರ್ಡ್ ಊಹಿಸಲು ರಾತ್ರಿಯೆಲ್ಲ ಪ್ರಯತ್ನ ಮಾಡಿದ್ದರಂತೆ. ಅದಕ್ಕೆ ಇವನು ಭದ್ರತೆಯ ಪ್ಲಗಿನ್‌ನಲ್ಲಿ ‘ಭಾರತ ಬಿಟ್ಟು ಬೇರೆ ಯಾರಿಗೂ ಬೇಡ’ ಅಂತ ಬೀಗ ಹಾಕಿದ್ದ. ನಮ್ಮ ಅತಿಥಿಗಳು ಬೆಂಗಳೂರು, ಮೈಸೂರು, ಕೇರಳದವರು ತಾನೇ ಅನ್ನುವ ಲೆಕ್ಕ. ಲೆಕ್ಕ ಸರಿ. ಆದರೆ ಗೂಗಲ್‌ಬಾಟ್ ಬಹುಪಾಲು ಬರುವುದು ಅಮೆರಿಕದ ಐಪಿ ವಿಳಾಸಗಳಿಂದ. ಅದಕ್ಕೂ ಬೀಗ ಬಿತ್ತು. ಸೈಟ್‌ಮ್ಯಾಪ್ ಕೇಳಿದರೂ 403, ಪುಟ ಕೇಳಿದರೂ 403.

ಹಳೆಯ ಪುಟಗಳು ಇನ್ನೂ ಕಾಣುತ್ತಿದ್ದದ್ದು ಹಿಂದೆ ಓದಿಟ್ಟುಕೊಂಡದ್ದರಿಂದ. ಬಾಟ್ ಮತ್ತೆ ಮತ್ತೆ ಬಂದು 403 ತಿಂದಿದ್ದರೆ ಅವೂ ಒಂದೊಂದಾಗಿ ಉದುರುತ್ತಿದ್ದವು. ಇನ್ನೆರಡು ತಿಂಗಳು ಬಿಟ್ಟಿದ್ದರೆ ದೋಷ ಹುಡುಕುವುದು ಇನ್ನೂ ಕಷ್ಟ ಆಗುತ್ತಿತ್ತು.

ದೇಶದ ಬೀಗ ತೆಗೆಸಿ, ಲಾಗಿನ್ ಪುಟಕ್ಕೆ ಮಾತ್ರ ಬೀಗ ಹಾಕಿಸಿದೆ. ಹತ್ತು ನಿಮಿಷದ ಕೆಲಸ.

ಈ ಜಾತಿಯ ದೋಷದಲ್ಲಿ ಇನ್ನೊಂದು ಸರ್ವರ್ ಸುಸ್ತಾಗುವುದು. ಅಗ್ಗದ ಹೋಸ್ಟಿಂಗ್‌ನಲ್ಲಿ ಆಗಾಗ 500, 503 ಬರುತ್ತದೆ. ಬಾಟ್‌ಗೆ ಅದು ಪದೇ ಪದೇ ಸಿಕ್ಕರೆ ಬರುವುದನ್ನೇ ಕಡಿಮೆ ಮಾಡುತ್ತದೆ. ಕನ್ಸೋಲ್‌ನ ಸೆಟ್ಟಿಂಗ್ಸ್ ಒಳಗೆ ಕ್ರಾಲ್ ಸ್ಟ್ಯಾಟ್ಸ್ ಅಂತ ಇದೆ, ಅಲ್ಲಿ ಇದು ಕಾಣುತ್ತದೆ. ಇಲ್ಲಿ ಒಂದು ಮಾತು ಹೇಳಲೇಬೇಕು. ಆಷಾಢದ ಮಳೆಯಲ್ಲಿ ನಮ್ಮ ಕಡೆ ಮೂರು ದಿನ ಕರೆಂಟ್ ಇರುವುದಿಲ್ಲ, ಮರ ಬಿದ್ದು ಕೇಬಲ್ ಹರಿದಿರುತ್ತದೆ. “ಅದಕ್ಕೇ ಗೂಗಲ್‌ನಲ್ಲಿ ಬರ್ತಿಲ್ಲ” ಅನ್ನುವವರಿದ್ದಾರೆ. ಕರೆಂಟ್ ಹೋದರೆ ಹೋಗುವುದು ಮನೆಯ ವೈಫೈ. ಸರ್ವರ್ ಇರುವುದು ಮುಂಬೈಯಲ್ಲೋ ಸಿಂಗಪುರದಲ್ಲೋ. ಆ ಮಳೆ ಅದಕ್ಕೆ ತಾಗುವುದಿಲ್ಲ.

ನಾವೇ ಹಾಕಿ ಮರೆತ ಚಿಲಕ

ಇದು ನನ್ನದೇ ತಪ್ಪಿನ ಕತೆ. ಕೆಲವು ವರ್ಷದ ಹಿಂದೆ ನನ್ನ ಸೈಟನ್ನು ಹೊಸದಾಗಿ ಕಟ್ಟುತ್ತಿದ್ದೆ. ಅರ್ಧಂಬರ್ಧ ಪುಟ ಯಾರಿಗೂ ಕಾಣುವುದು ಬೇಡ ಅಂತ, ಸೈಟ್ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನ ಸೆಟ್ಟಿಂಗ್ಸ್, ರೀಡಿಂಗ್‌ನಲ್ಲಿ ಸರ್ಚ್ ಎಂಜಿನ್‌ಗಳಿಗೆ ಬೇಡ ಅನ್ನುವ ಚೌಕಕ್ಕೆ ಟಿಕ್ ಹಾಕಿದೆ. ಕೆಲಸ ಮುಗಿಯಿತು. ಟಿಕ್ ತೆಗೆಯಲು ಮರೆತೆ. ಒಂದೂವರೆ ತಿಂಗಳು ಗೂಗಲ್‌ಗೆ ಬೈದುಕೊಂಡು ಓಡಾಡಿದೆ.

ಆ ಟಿಕ್ ಪ್ರತಿ ಪುಟದ ತಲೆಯಲ್ಲೂ ‘ನೋಇಂಡೆಕ್ಸ್’ ಎಂಬ ಚೀಟಿ ಅಂಟಿಸುತ್ತದೆ. ನಮ್ಮ ಕಣ್ಣಿಗೆ ಕಾಣುವುದಿಲ್ಲ. ಬಾಟ್ ಓದಿ, ಸರಿ ಅಂತ ವಾಪಸ್ ಹೋಗುತ್ತದೆ. ಕನ್ಸೋಲ್‌ನಲ್ಲಿ ‘ಎಕ್ಸ್‌ಕ್ಲೂಡೆಡ್ ಬೈ ನೋಇಂಡೆಕ್ಸ್ ಟ್ಯಾಗ್’ ಎಂದು ಬಂದರೆ ಹುಡುಕಬೇಕಾದ್ದು ಇದನ್ನೇ. ಕೆಲವೊಮ್ಮೆ ಚೀಟಿ ಪುಟದಲ್ಲಿ ಇರುವುದಿಲ್ಲ, ಸರ್ವರ್ ಕಳಿಸುವ ಹೆಡರ್‌ನಲ್ಲಿ ಇರುತ್ತದೆ. ಪುಟದ ಸೋರ್ಸ್‌ನಲ್ಲಿ ಎಷ್ಟು ತಡಕಿದರೂ ಸಿಗುವುದಿಲ್ಲ. ಆಗ ಕನ್ಸೋಲ್ ಹೇಳಿದ್ದನ್ನು ನಂಬಿ, ಹೋಸ್ಟಿಂಗ್‌ನವರನ್ನು ಕೇಳಿ.

ಇದರ ಅಣ್ಣ ರೋಬೋಟ್ಸ್ ಫೈಲ್. 1994ರಲ್ಲಿ ಮಾರ್ಟಿನ್ ಕೋಸ್ಟರ್ ಸೂಚಿಸಿದ ಪದ್ಧತಿ. 2022ರಲ್ಲಿ ಅದಕ್ಕೆ ಇಂಟರ್ನೆಟ್ ಮಾನದಂಡದ ರೂಪ ಬಂತು, ಆರ್‌ಎಫ್‌ಸಿ 9309 ಎಂದು. ಬಾಟ್‌ಗಳು ಯಾವ ಕಡೆ ಹೋಗಬಾರದು ಎಂದು ಬರೆದಿಡುವ ಫಲಕ ಅದು. ಇವೆರಡನ್ನೂ ಒಂದೇ ಅಂದುಕೊಂಡು ಮೋಸ ಹೋಗುವವರು ಬಹಳ. ರೋಬೋಟ್ಸ್ ಫೈಲ್ ಹೇಳುವುದು ಒಳಗೆ ಬರಬೇಡ ಅಂತ. ನೋಇಂಡೆಕ್ಸ್ ಹೇಳುವುದು ಬಾ, ನೋಡು, ಆದರೆ ಪಟ್ಟಿಗೆ ಹಾಕಬೇಡ ಅಂತ. ಎರಡನ್ನೂ ಒಟ್ಟಿಗೆ ಹಾಕಿದರೆ ಬಾಟ್ ಒಳಗೇ ಬರುವುದಿಲ್ಲ, ಚೀಟಿ ಓದುವುದೂ ಇಲ್ಲ. ಬೇರೆ ಕಡೆ ಲಿಂಕ್ ಇದ್ದರೆ ಬರೀ ವಿಳಾಸ ಮಾತ್ರ ಹುಡುಕಾಟದಲ್ಲಿ ಕಾಣಿಸಿಕೊಳ್ಳಬಹುದು. ವಿವರಣೆ ಇಲ್ಲದ ಬೋಳು ಪುಟದ ಹಾಗೆ.

ಫಲಕ ತಿದ್ದಿದ ಮೇಲೆ ತಕ್ಷಣ ಬದಲಾಗಲಿಲ್ಲ ಅಂತ ಗಾಬರಿ ಬೇಡ. ಗೂಗಲ್ ಅದರ ಪ್ರತಿಯನ್ನು ಸಾಮಾನ್ಯವಾಗಿ 24 ಗಂಟೆವರೆಗೆ ಇಟ್ಟುಕೊಂಡಿರುತ್ತದೆ.

ಗೇಟಿನಲ್ಲಿ ಬೋರ್ಡ್ ಇಲ್ಲದ ತೋಟದ ಮನೆ

ನಮ್ಮ ಕಡೆಯ ಮನೆಗಳು ನಿಮಗೆ ಗೊತ್ತಲ್ಲ. ರಸ್ತೆಯಿಂದ ಒಂದು ಕಿಲೋಮೀಟರ್ ಒಳಗೆ, ಕಾಫಿ ಗಿಡದ ನಡುವೆ. ಗೇಟಿನಲ್ಲಿ ಬೋರ್ಡ್ ಇಲ್ಲದಿದ್ದರೆ ಅಂಚೆಯವನೂ ಮುಂದೆ ಹೋಗಿಬಿಡುತ್ತಾನೆ. ಯಾವ ಪುಟದಿಂದಲೂ ಲಿಂಕ್ ಇಲ್ಲದ ಹೊಸ ಪುಟವೂ ಹಾಗೇ.

ಬಾಟ್ ಒಂದು ಪುಟದ ಲಿಂಕ್ ಹಿಡಿದು ಇನ್ನೊಂದಕ್ಕೆ ನಡೆಯುತ್ತದೆ. ಆದ್ದರಿಂದ ಹೊಸದನ್ನು ಬರೆದ ದಿನವೇ ಮುಖಪುಟದಿಂದ ಒಂದು, ಸಂಬಂಧಪಟ್ಟ ಎರಡು ಹಳೆಯ ಪುಟಗಳಿಂದ ತಲಾ ಒಂದು ಲಿಂಕ್ ಕೊಡಿ. ‘ಇಲ್ಲಿ ಒತ್ತಿ’ ಅಂತ ಬರೆಯಬೇಡಿ. ‘ಕಕ್ಕಬ್ಬೆಯಿಂದ ತಡಿಯಂಡಮೋಳ್ ಏರುವ ದಾರಿ’ ಎಂದು ಬರೆದು ಆ ಪದಗಳಿಗೇ ಲಿಂಕ್ ಹಾಕಿ. ಆಚೆ ಏನಿದೆ ಎಂದು ಬಾಟ್‌ಗೂ ತಿಳಿಯುತ್ತದೆ, ಓದುವವರಿಗೂ ತಿಳಿಯುತ್ತದೆ.

ಸೈಟ್‌ಮ್ಯಾಪ್ ಅಂದರೆ ವಿಳಾಸಗಳ ಪಟ್ಟಿ. ಒಂದು ಫೈಲಿಗೆ 50,000 ವಿಳಾಸ ಅಥವಾ 50 ಎಂಬಿ ಮಿತಿ. ಹೋಂಸ್ಟೇ ಸೈಟಿಗೆ ಆ ಚಿಂತೆ ಯಾವತ್ತೂ ಬರುವುದಿಲ್ಲ. ವರ್ಡ್‌ಪ್ರೆಸ್ 5.5ರಿಂದ, ಅಂದರೆ 2020ರಿಂದ, ಪಟ್ಟಿ ತಾನಾಗಿಯೇ ಹುಟ್ಟುತ್ತದೆ. ಒಮ್ಮೆ ಕನ್ಸೋಲ್‌ಗೆ ಕೊಟ್ಟರೆ ಸಾಕು. ಪಟ್ಟಿಯಲ್ಲಿ ಕೊನೆಗೆ ಬದಲಾದ ದಿನಾಂಕ ಬರೆಯುವ ಜಾಗ ಇದೆ. ಅದು ನಿಜವಾಗಿದ್ದರೆ ಗೂಗಲ್ ಗಮನಿಸುತ್ತದೆ. ಏನೂ ಬದಲಿಸದೆ ದಿನಾ ಹೊಸ ದಿನಾಂಕ ಹಾಕಿದರೆ ನಂಬುವುದನ್ನು ಬಿಡುತ್ತದೆ. ಆದ್ಯತೆಯ ಅಂಕಿ, ಎಷ್ಟು ದಿನಕ್ಕೊಮ್ಮೆ ಬದಲಾಗುತ್ತದೆ ಅನ್ನುವ ಸಾಲು, ಇವೆರಡನ್ನೂ ಗೂಗಲ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಹಳೆಯ ಸಲಹೆಗಳ ಬಗ್ಗೆ ಹುಷಾರು. ‘ಸೈಟ್‌ಮ್ಯಾಪ್ ಪಿಂಗ್ ಮಾಡಿ’, ಅಂದರೆ ಪಟ್ಟಿ ಬದಲಾಗಿದೆ ಎಂದು ಗೂಗಲ್‌ಗೆ ಸುದ್ದಿ ಕಳಿಸಿ, ಅಂತ ಇನ್ನೂ ಹೇಳುತ್ತಾರೆ. ಗೂಗಲ್ ಅದನ್ನು ನಿಲ್ಲಿಸುವುದಾಗಿ 2023ರಲ್ಲೇ ಹೇಳಿತು. ‘ಇಂಡೆಕ್ಸಿಂಗ್ ಎಪಿಐ ಹಾಕಿದರೆ ಐದೇ ನಿಮಿಷ’ ಅನ್ನುವವರೂ ಇದ್ದಾರೆ. ಅದು ಇರುವುದು ಉದ್ಯೋಗದ ಜಾಹೀರಾತು ಮತ್ತು ನೇರಪ್ರಸಾರದ ವಿಡಿಯೋ ಪುಟಗಳಿಗೆ. ಕಾಫಿ ಹೂವಿಗಲ್ಲ. ಬಿಂಗ್‌ಗಾದರೆ ಇಂಡೆಕ್ಸ್‌ನೌ ಎಂಬ ವ್ಯವಸ್ಥೆ 2021ರಿಂದ ಇದೆ. ಪ್ಲಗಿನ್ ಹಾಕಿದರೆ ಪುಟ ಬಂದ ಕೂಡಲೇ ಅದಕ್ಕೆ ಸುದ್ದಿ ಹೋಗುತ್ತದೆ.

ವಾಟ್ಸಾಪ್ ಗುಂಪಿಗೆ ಕಳಿಸಿದ ಲಿಂಕ್? ಬಂಧುಗಳು ಓದುತ್ತಾರೆ, ಅಷ್ಟೇ. ಆ ಗುಂಪಿನೊಳಗೆ ಬಾಟ್ ಬರುವುದಿಲ್ಲ.

ಇನ್ನು ಇನ್‌ಸ್ಪೆಕ್ಷನ್‌ನಲ್ಲಿ ಕಾಣುವ ರಿಕ್ವೆಸ್ಟ್ ಇಂಡೆಕ್ಸಿಂಗ್ ಬಟನ್. ಒಂದು ಸಲ ಒತ್ತಿ, ಬಿಡಿ. ದಿನಕ್ಕೆ ಇಷ್ಟೇ ಅಂತ ಮಿತಿ ಇದೆ. ಹತ್ತು ಸಲ ಒತ್ತಿದರೆ ಸಾಲಿನಲ್ಲಿ ಮುಂದೆ ಹೋಗುವುದಿಲ್ಲ. ಕ್ರಾಲ್ ಆಗಲು ಕೆಲವು ದಿನದಿಂದ ಕೆಲವು ವಾರ ಹಿಡಿಯಬಹುದು ಎಂದು ಗೂಗಲ್ ತಾನೇ ಹೇಳುತ್ತದೆ. ದೊಡ್ಡ ಪತ್ರಿಕೆಯ ಸೈಟಿಗೆ ಬಾಟ್ ದಿನವಿಡೀ ಬರುತ್ತಿರುತ್ತದೆ. ವರ್ಷಕ್ಕೆ ನಾಲ್ಕು ಪುಟ ಬರೆಯುವ ನಮಗೆ ಅಷ್ಟು ಬೇಗ ಬರುವುದಿಲ್ಲ. ‘ಡಿಸ್ಕವರ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್’ ಎಂದು ಇದ್ದರೆ ವಿಳಾಸ ಗೊತ್ತಾಗಿದೆ, ಬಾಟ್ ಇನ್ನೂ ಬಂದಿಲ್ಲ. ಹೊಸ ಪುಟಕ್ಕೆ ಎರಡು ವಾರ ಈ ಸ್ಥಿತಿ ಇದ್ದರೆ ನಾನಂತೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಬಂದಿತು, ಓದಿತು, ಇಟ್ಟುಕೊಳ್ಳಲಿಲ್ಲ

ತಮ್ಮನ ಬೀಗ ತೆಗೆದ ನಾಲ್ಕನೇ ದಿನ ಕನ್ಸೋಲ್‌ನ ಮಾತು ಬದಲಾಯಿತು. ‘ಕ್ರಾಲ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್’. ಅವನಿಗೆ ಬೇಜಾರು. ನನಗೆ ಖುಷಿ. ಒಂದು ಹಂತ ದಾಟಿತಲ್ಲ.

ಈ ಸಾಲು ಬಂದರೆ ಮಾಡಬೇಕಾದ್ದು ಒಂದು. ‘ವ್ಯೂ ಕ್ರಾಲ್ಡ್ ಪೇಜ್’ ಒತ್ತಿ, ಬಾಟ್ ಕೈಗೆ ಏನು ಸಿಕ್ಕಿತು ಅಂತ ಓದಿ. ನಾವು ಬರೆದದ್ದಲ್ಲ, ಅದಕ್ಕೆ ಸಿಕ್ಕಿದ್ದು. ಹೂವಿನ ಪುಟದಲ್ಲಿ ಅದಕ್ಕೆ ಸಿಕ್ಕಿದ್ದು ಶೀರ್ಷಿಕೆ, ‘ಎಲ್ಲರಿಗೂ ಸ್ವಾಗತ’ ಎಂಬ ಸಾಲು, ಫೋನ್ ನಂಬರ್, ಆಮೇಲೆ ಕೆಳಗಿನ ಆ ಮೂವತ್ತು ಪದ. ಇಷ್ಟೇ.

“ಬರೆದದ್ದೆಲ್ಲ ಎಲ್ಲೋಯ್ತು?”

“ಪೋಸ್ಟರಲ್ಲಿ ಇದೆಯಲ್ಲಣ್ಣ.”

ಮೊಬೈಲ್ ಆ್ಯಪ್‌ನಲ್ಲಿ ಚೆಂದದ ಪೋಸ್ಟರ್ ಮಾಡಿದ್ದ. ಮಳೆ ಯಾವಾಗ ಬಿತ್ತು, ಹೂ ಯಾವಾಗ ಅರಳುತ್ತದೆ, ರೋಬಸ್ಟಾ ಯಾವ ಕಡೆ, ಅರೇಬಿಕಾ ಯಾವ ಕಡೆ, ಎಲ್ಲ ಹೂವಿನ ಚಿತ್ರದ ಮೇಲೆ ಅಕ್ಷರದಲ್ಲಿ. ನಮಗೆ ಅದು ಬರಹ. ಬಾಟ್‌ಗೆ ಅದು ಒಂದು ಚಿತ್ರದ ಫೈಲ್. ಚಿತ್ರದೊಳಗಿನ ಅಕ್ಷರವನ್ನು ಪುಟದ ಬರಹ ಎಂದು ನಂಬಿ ಕೂರಬಾರದು. ಕೊಡಗಿನಲ್ಲಿ ಈ ರೋಗ ಜಾಸ್ತಿ. ಪುತ್ತರಿ ಹಬ್ಬದ ಸಮಯ, ಊರ ದೇವರ ಹಬ್ಬದ ಆಮಂತ್ರಣ, ಹಾಕಿ ಪಂದ್ಯದ ಪಟ್ಟಿ, ಎಲ್ಲವೂ ಚಿತ್ರವಾಗೇ ಓಡಾಡುತ್ತವೆ. ಮುಂದಿನ ವರ್ಷ ಹುಡುಕಿದರೆ ಒಂದೂ ಸಿಗುವುದಿಲ್ಲ.

ಅದೇ ಮಾತನ್ನು ಪುಟದಲ್ಲಿ ಟೈಪ್ ಮಾಡಿಸಿದೆ. ಚಿತ್ರ ಇರಲಿ ಅಂದೆ, ಅದಕ್ಕೆ ಆಲ್ಟ್ ಟೆಕ್ಸ್ಟ್ ಜಾಗದಲ್ಲಿ ಒಂದು ಸಾಲಿನ ವಿವರಣೆ ಹಾಕಿಸಿದೆ. ಕೆಳಗಿನ ಮೂವತ್ತು ಪದ ಕಿತ್ತು ಹಾಕಿಸಿದೆ.

ಇಂಥದ್ದೇ ಇನ್ನೊಂದು ಕನ್ನಡದವರ ಸ್ವಂತ ದೋಷ. ವಿರಾಜಪೇಟೆಯ ನಿವೃತ್ತ ಮೇಷ್ಟ್ರೊಬ್ಬರು ಊರ ಹೆಸರುಗಳ ಬಗ್ಗೆ ಇಪ್ಪತ್ತು ಪುಟ ಬರೆದಿದ್ದರು. ಒಳ್ಳೆಯ ಬರಹ. ಒಂದೂ ಹುಡುಕಾಟಕ್ಕೆ ಸಿಗುತ್ತಿರಲಿಲ್ಲ. ಅವರ ಪುಟದಿಂದ ಒಂದು ಸಾಲು ಕಾಪಿ ಮಾಡಿ ನನ್ನ ಫೋನ್‌ನಲ್ಲಿ ಅಂಟಿಸಿದೆ. ಕನ್ನಡ ಬರಲಿಲ್ಲ. ಕೊಂಬು, ಬಾಲ ಇರುವ ಇಂಗ್ಲಿಷ್ ಅಕ್ಷರಗಳ ಗುಡ್ಡೆ ಬಂತು. ಅವರು ಟೈಪ್ ಮಾಡಿದ್ದು ಹಳೆಯ ಆಸ್ಕಿ ಫಾಂಟ್‌ನಲ್ಲಿ. ಅದರಲ್ಲಿ ಕಂಪ್ಯೂಟರ್ ಒಳಗೆ ಉಳಿಯುವುದು ಇಂಗ್ಲಿಷ್ ಅಕ್ಷರದ ಸಂಕೇತ, ಮೇಲೆ ಹೊದಿಸಿದ್ದು ಮಾತ್ರ ಕನ್ನಡದ ಆಕಾರ. ಬಾಟ್ ಹೊದಿಕೆಯನ್ನು ನೋಡುವುದಿಲ್ಲ, ಒಳಗಿನದನ್ನು ಓದುತ್ತದೆ. ಯೂನಿಕೋಡ್‌ನಲ್ಲಿ ಹಾಗಲ್ಲ, ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಕೇತ ಇದೆ.

“ನಲವತ್ತು ವರ್ಷ ಕನ್ನಡ ಪಾಠ ಮಾಡಿದ್ದೇನೆ, ನಾನು ಬರೆದದ್ದು ಕನ್ನಡ ಅಲ್ಲ ಅಂತೀಯಲ್ಲಪ್ಪ” ಅಂದರು ಮೇಷ್ಟ್ರು. ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಎರಡು ಸಂಜೆ ಕೂತು ಎಲ್ಲ ಬದಲಿಸಿದೆವು. ಒತ್ತಕ್ಷರ, ರಕಾರ ಇರುವ ಕಡೆ ಸ್ವಲ್ಪ ಕೈಯಾರೆ ತಿದ್ದಬೇಕಾಯಿತು. ನಿಮ್ಮ ಪುಟಕ್ಕೂ ಈ ಕಾಪಿ ಪರೀಕ್ಷೆ ಮಾಡಿ ನೋಡಿ, ಅರ್ಧ ನಿಮಿಷ ಸಾಕು.

ಮೊಬೈಲ್ ಮರೆಯಬೇಡಿ. 2024ರ ಜುಲೈ 5ರ ನಂತರ ಗೂಗಲ್ ಪುಟಗಳನ್ನು ಇಂಡೆಕ್ಸ್‌ಗಾಗಿ ಮೊಬೈಲ್ ಬಾಟ್‌ನಿಂದಲೇ ಓದುತ್ತದೆ. ಕಂಪ್ಯೂಟರ್‌ನಲ್ಲಿ ಕಾಣುವ ವಿವರ ಮೊಬೈಲ್ ಪುಟದಲ್ಲಿ ಇಲ್ಲದಿದ್ದರೆ ಅದು ಬರೆಯದ ಹಾಗೇ ಲೆಕ್ಕ.

ಕೆನೋನಿಕಲ್ ಅನ್ನುವುದು ಇನ್ನೊಂದು ಗೂಢಚಾರ. ಒಂದೇ ಬರಹ ಎರಡು ವಿಳಾಸದಲ್ಲಿದ್ದರೆ ಅಸಲಿ ಯಾವುದು ಎಂದು ಹೇಳುವ ಟ್ಯಾಗ್. 2009ರಲ್ಲಿ ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಮೂವರೂ ಒಪ್ಪಿ ತಂದದ್ದು. ಹಳೆಯ ಪುಟವನ್ನು ಕಾಪಿ ಮಾಡಿ ಹೊಸದನ್ನು ಬರೆಯುವ ಅಭ್ಯಾಸ ಇದ್ದರೆ ಹಳೆಯದರ ಕೆನೋನಿಕಲ್ ಕೂಡ ಜೊತೆಗೆ ಬಂದುಬಿಡಬಹುದು. ಆಗ ಹೊಸ ಪುಟ ತಾನೇ ಹೇಳುತ್ತದೆ, ‘ನಾನು ಅಸಲಿ ಅಲ್ಲ, ಅಲ್ಲಿ ಹೋಗಿ’ ಅಂತ. ಟ್ಯಾಗ್ ಸರಿಯಿದ್ದರೂ ಗೂಗಲ್ ತನಗೆ ಸರಿ ಕಂಡದ್ದನ್ನೇ ಆರಿಸಬಹುದು. ಯಾವುದನ್ನು ಆರಿಸಿದೆ ಎಂದು ಇನ್‌ಸ್ಪೆಕ್ಷನ್‌ನಲ್ಲಿ ಕಾಣುತ್ತದೆ.

ಎಲ್ಲ ಸರಿಯಿದ್ದೂ ಇಟ್ಟುಕೊಳ್ಳದಿದ್ದರೆ ಉಳಿಯುವುದು ಕಹಿ ಸತ್ಯ. ಪುಟದಲ್ಲಿ ಹೊಸದೇನೂ ಇಲ್ಲ. ‘ಮಡಿಕೇರಿಯಲ್ಲಿ ಹೋಂಸ್ಟೇ’, ‘ಕುಶಾಲನಗರದಲ್ಲಿ ಹೋಂಸ್ಟೇ’, ‘ಸೋಮವಾರಪೇಟೆಯಲ್ಲಿ ಹೋಂಸ್ಟೇ’ ಅಂತ ಊರ ಹೆಸರು ಮಾತ್ರ ಬದಲಿಸಿ ಐದು ಪುಟ ಮಾಡುವವರಿದ್ದಾರೆ. ಇಂಥವನ್ನು ಗೂಗಲ್ ಡೋರ್‌ವೇ ಪುಟ ಅನ್ನುತ್ತದೆ, ಅದರ ಸ್ಪ್ಯಾಮ್ ನಿಯಮಕ್ಕೆ ಇದು ವಿರುದ್ಧ. ಐದನ್ನೂ ಅಳಿಸಿ ಒಂದು ಒಳ್ಳೆಯ ಪುಟ ಮಾಡಿ.

ಸಣ್ಣದೊಂದು ಕಿರಿಕಿರಿ, ಹೇಳಿ ಮುಂದೆ ಹೋಗುತ್ತೇನೆ. ಕನ್ನಡ ಶೀರ್ಷಿಕೆಯಿಂದ ತಾನಾಗಿ ಹುಟ್ಟುವ ವಿಳಾಸದಲ್ಲಿ ಒಂದೊಂದು ಕನ್ನಡ ಚಿಹ್ನೆಯೂ ಒಂಬತ್ತು ಅಕ್ಷರವಾಗಿ ಹಿಗ್ಗುತ್ತದೆ. ವರ್ಡ್‌ಪ್ರೆಸ್‌ನಲ್ಲಿ ಆ ಭಾಗಕ್ಕೆ 200 ಅಕ್ಷರದ ಮಿತಿ. ಹಾಗಾಗಿ ಸುಮಾರು 22 ಚಿಹ್ನೆಗೆ ವಿಳಾಸ ಕತ್ತರಿಸುತ್ತದೆ. ಕೊಂಬು, ದೀರ್ಘ, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ. ಇದರಿಂದ ಇಂಡೆಕ್ಸ್ ನಿಲ್ಲುವುದಿಲ್ಲ. ಆದರೆ ಆ ಉದ್ದದ ವಿಳಾಸ ಹಂಚುವಾಗ ಎಲ್ಲೋ ತುಂಡಾಗಿ, ಪುಟ ಸಿಗದೆ 404 ಆಗುತ್ತದೆ. ನಾನು ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಕೊಡುತ್ತೇನೆ.

ಒಳಗಿದೆ, ಆದರೆ ಐದನೇ ಪುಟದಲ್ಲಿದೆ

ಈಗ ಶೀರ್ಷಿಕೆಯ ವಿಷಯಕ್ಕೆ ಬರೋಣ. ನಿಮ್ಮ ಫೋನ್‌ನಲ್ಲೇ ಹುಡುಕಿ ತೀರ್ಮಾನ ಮಾಡಬೇಡಿ. ನೀವು ಎಲ್ಲಿ ನಿಂತು ಹುಡುಕುತ್ತೀರಿ ಅನ್ನುವುದರ ಮೇಲೂ ಫಲಿತಾಂಶ ಬದಲಾಗುತ್ತದೆ. ನಾಪೋಕ್ಲುವಿನಲ್ಲಿ ಮೊದಲು ಬಂದದ್ದು ಮೈಸೂರಿನಲ್ಲಿ ಎಂಟನೆಯದಾಗಿರಬಹುದು. ಕನ್ಸೋಲ್‌ನ ಪರ್ಫಾರ್ಮೆನ್ಸ್ ವರದಿ ನೋಡಿ. ಜನ ಏನು ಹೊಡೆದಾಗ ನಿಮ್ಮ ಪುಟ ಕಾಣಿಸಿತು, ಸರಾಸರಿ ಎಷ್ಟನೇ ಜಾಗ, ಎಷ್ಟು ಜನ ಒತ್ತಿದರು, 16 ತಿಂಗಳವರೆಗಿನ ಲೆಕ್ಕ ಅಲ್ಲಿ ಸಿಗುತ್ತದೆ.

ಆ ಪಟ್ಟಿ ನೋಡಿದ ದಿನ ನನ್ನ ಕಣ್ಣು ತೆರೆಯಿತು. ನಾವು ಬರೆಯುವುದು ಕೊಡಗು. ಹೊರಗಿನವರು ಹುಡುಕುವುದು ಕೂರ್ಗ್. ನಮ್ಮವರು ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುತ್ತಾರೆ. ಹೂಮಳೆ ಅನ್ನುವ ಪದ ತೋಟದವರಿಗೆ ಗೊತ್ತು, ಬೆಂಗಳೂರಿನವರು ಕೇಳುವುದು ಕಾಫಿ ಹೂ ಬಿಡುವ ಸಮಯ. ಎರಡೂ ಪದ ಬರಹದಲ್ಲಿ ಸಹಜವಾಗಿ ಬರಲಿ. ಅಡಿಯಲ್ಲಿ ರಾಶಿ ಹಾಕುವುದು ಬೇಡ. ಮೆಟಾ ಕೀವರ್ಡ್ಸ್ ಜಾಗ ತುಂಬುವುದೂ ಬೇಡ. ರ್‍ಯಾಂಕ್‌ಗೆ ಅದನ್ನು ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿಬಿಟ್ಟಿದೆ.

‘ಕೂರ್ಗ್ ಹೋಂಸ್ಟೇ’ ಎಂಬ ಹುಡುಕಾಟಕ್ಕೆ ನಾಲ್ಕು ಕೋಣೆಯ ಸೈಟ್ ಮೇಲೆ ಬರುವುದು ಕಷ್ಟ. ಅಲ್ಲಿ ದೊಡ್ಡ ಬುಕಿಂಗ್ ಸೈಟ್‌ಗಳು ಕೂತಿವೆ. ಅವುಗಳ ಕಡೆಗೆ ಲಕ್ಷಾಂತರ ಲಿಂಕ್ ಇವೆ. ಲ್ಯಾರಿ ಪೇಜ್, ಸೆರ್ಗಿ ಬ್ರಿನ್ 1998ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಪೇಜ್‌ರ್‍ಯಾಂಕ್ ಲೆಕ್ಕ ಪ್ರಕಟಿಸಿದಾಗಿನಿಂದಲೂ ಬೇರೆಯವರು ಕೊಡುವ ಲಿಂಕ್‌ಗೆ ತೂಕ ಇದೆ. ಈಗ ಅದರ ಜೊತೆ ಇನ್ನೂ ಬಹಳಷ್ಟು ಸೇರಿದೆ. ಹಾಗಂತ ದುಡ್ಡು ಕೊಟ್ಟು ಲಿಂಕ್ ಕೊಳ್ಳಬೇಡಿ. ಮೊದಲ ಸ್ಥಾನ ಗ್ಯಾರಂಟಿ ಅನ್ನುವವರಿಗೆ ಬಾಗಿಲಲ್ಲೇ ಒಂದು ಲೋಟ ಕಾಫಿ ಕೊಟ್ಟು ಕಳಿಸಿ. ಆ ಗ್ಯಾರಂಟಿ ಯಾರಿಂದಲೂ ಸಾಧ್ಯವಿಲ್ಲ ಎಂದು ಗೂಗಲ್ ತಾನೇ ಬರೆದಿದೆ.

ಚಿಕ್ಕವರಿಗೆ ಇರುವ ದಾರಿ, ದೊಡ್ಡವರ ಹತ್ತಿರ ಇಲ್ಲದ್ದನ್ನು ಬರೆಯುವುದು. ಈ ವಾರ ನಿಮ್ಮ ತೋಟದಲ್ಲಿ ಎಷ್ಟು ಸೆಂಟ್ಸ್ (ಇಂಚಿನ ನೂರರಲ್ಲೊಂದು ಭಾಗ) ಮಳೆ ಬಿತ್ತು, ಯಾವ ಕಡೆ ಹೂ ಮೊದಲು ಬಿಡಬಹುದು, ನಾಪೋಕ್ಲು ರಸ್ತೆ ಹೇಗಿದೆ. ಇದು ಬುಕಿಂಗ್ ಸೈಟಿಗೆ ಎಲ್ಲಿಂದ ಗೊತ್ತಾಗಬೇಕು?

ಇನ್ನೊಂದು ತಪ್ಪು, ಪ್ರತಿ ವರ್ಷ ಹೊಸ ಪುಟ ಮಾಡುವುದು. ತಲಕಾವೇರಿಯ ತೀರ್ಥೋದ್ಭವದ ಸಮಯ ಪ್ರತಿ ಅಕ್ಟೋಬರ್‌ನಲ್ಲಿ ಬೇರೆ. ಪುತ್ತರಿಯ ದಿನವನ್ನು ಪ್ರತಿ ವರ್ಷ ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ನಿಶ್ಚಯಿಸುತ್ತಾರೆ. ವರ್ಷಕ್ಕೊಂದು ವಿಳಾಸ ಮಾಡಿದರೆ ಪ್ರತಿ ಸಲ ಸೊನ್ನೆಯಿಂದ ಶುರು. ಒಂದೇ ವಿಳಾಸ ಇಟ್ಟು ಒಳಗಿನ ದಿನಾಂಕ, ವಿವರ ಬದಲಿಸಿದರೆ ಹಿಂದೆ ಬಂದ ಲಿಂಕ್‌ಗಳೂ ಉಳಿಯುತ್ತವೆ, ಬಾಟ್‌ಗೆ ದಾರಿಯೂ ಗೊತ್ತಿರುತ್ತದೆ.

ಹೊಸ ಪುಟ ಮೊದಲ ವಾರ ಮೇಲೆ ಬಂದು ಆಮೇಲೆ ಕೆಳಗಿಳಿದರೆ ತಕ್ಷಣ ಕೈ ಹಾಕಬೇಡಿ. ಒಂದು ಬದಲಾವಣೆ ಮಾಡಿ, ದಿನಾಂಕ ಬರೆದಿಟ್ಟು, ಮೂರು ವಾರ ಬಿಡಿ. ಒಂದೇ ದಿನ ಐದು ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ದೇವರಿಗೇ ಗೊತ್ತು.

ತಮ್ಮನ ಪುಟ ಟೈಪ್ ಮಾಡಿದ ಒಂಬತ್ತನೇ ದಿನ ಇಂಡೆಕ್ಸ್‌ಗೆ ಬಂತು. ಅಷ್ಟು ಹೊತ್ತಿಗೆ ಹೂ ಉದುರಿ, ಗಿಡದ ಕೆಳಗೆ ಕಂದು ಬಣ್ಣಕ್ಕೆ ತಿರುಗಿತ್ತು. ವಿಳಾಸದಲ್ಲಿದ್ದ ವರ್ಷ ತೆಗೆಸಿ, ಹಳೆಯ ವಿಳಾಸದಿಂದ ಹೊಸದಕ್ಕೆ 301, ಅಂದರೆ ಕಾಯಂ ತಿರುವಿನ, ದಾರಿ ಹಾಕಿಸಿ, ಪುಟವನ್ನು ಹಾಗೇ ಬಿಟ್ಟೆವು.

ಮರು ವರ್ಷ ಮಳೆ ಬಿದ್ದ ರಾತ್ರಿಯೇ ಅವನು ಅದೇ ಪುಟದಲ್ಲಿ ದಿನಾಂಕ ಮತ್ತು ಮಳೆಯ ಲೆಕ್ಕ ಬದಲಿಸಿದ. ಎರಡು ದಿನ ಬಿಟ್ಟು ಫೋನ್ ಬಂತು.

“ಅಣ್ಣಾ, ಮೊದಲನೇ ಪುಟದಲ್ಲೇ ಬಂದಿದೆ. ಬೆಂಗಳೂರಿಂದ ಇಬ್ಬರು ನಾಳೆನೇ ಹೊರಡ್ತಾರಂತೆ.”

“ಹೂ ಬಿಟ್ಟಿದ್ಯೇನೋ?”

“ಎಲ್ಲಿ? ಮೊಗ್ಗು ಇನ್ನೂ ಹಸಿರು. ಒಂದು ವಾರ ತಡೀರಿ ಅಂತ ಹೇಳ್ಬೇಕೀಗ.”